ಅಜ್ಜ ಎಡಗಡೆಯಿಂದ ಕೂಡಿದರೆ ತಪ್ಪೇನಿಲ್ಲ

ಪ್ರಶ್ನೆ: ನನ್ನ ಮಾವನವರಿಗೆ 78 ವರ್ಷ. ಸಾಗರದ ಅಡಿಕೆ ಮಂಡಿಯೊಂದರಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದವರು. ಈಚೆಗೆ ಬಾಯಿಲೆಕ್ಕ ತುಂಬ ನಿಧಾನವಾಗಿದೆ. ಏಳನೇ ತರಗತಿಯ ನನ್ನ ಮಗ 68ಕ್ಕೆ 57 ಕೂಡಿಸಿ ಎಂದರೆ ಅವರು ‘ಅರವತ್ತು ಐವತ್ತು ನೂರಹತ್ತು’ ಎಂದು ಎಡಗಡೆಯಿಂದ ಶುರು ಮಾಡುತ್ತಾರೆ. ‘ಹಾಗಲ್ಲ ಅಜ್ಜ, ಬಿಡಿಯಿಂದ ಮಾಡಬೇಕು’ ಎಂದು ಅವನು ನಗುತ್ತಾನೆ. ಕಳೆದ ತಿಂಗಳು ಆರೋಗ್ಯ ತಪಾಸಣೆಗೆ ಕರೆದೊಯ್ದಾಗ ‘ಹಂಡ್ರೆಡ್‌ನಿಂದ ಸೆವೆನ್ ಮೈನಸ್ ಮಾಡ್ತಾ ಹೋಗಿ’ ಎಂದು ಕೇಳಿದರು. 93, 86 ಎಂದವರು ಆಮೇಲೆ 78 ಎಂದು ಅಲ್ಲಿಗೇ ನಿಂತರು. ಅಂದಿನಿಂದ ಮಂಕಾಗಿದ್ದಾರೆ, ‘ನನ್ನ ತಲೆ ಹೋಯ್ತು’ ಅನ್ನುತ್ತಾರೆ. ಇದು ಮರೆವಿನ ಕಾಯಿಲೆಯ ಶುರುವೇ? ಸುಡೊಕು ಮಾಡಿಸಿದರೆ ಸರಿಹೋಗುತ್ತದೆಯೇ? ಇನ್ನೊಂದು ವಿಷಯ, ಹೋದ ತಿಂಗಳು ಹಾಲಿನವರಿಗೆ ಎರಡು ಸಲ ದುಡ್ಡು ಕೊಟ್ಟಿದ್ದರು.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಸಂಗತಿಗಳಿವೆ. ಲೆಕ್ಕ ನಿಧಾನವಾಗಿದೆ, ಎಡದಿಂದ ಕೂಡುತ್ತಾರೆ, ಏಳರ ಲೆಕ್ಕದಲ್ಲಿ ನಿಂತರು, ಹಾಲಿನ ದುಡ್ಡು ಎರಡು ಸಲ ಹೋಯಿತು. ಮೊದಲ ಮೂರಕ್ಕೆ ನೀವು ಹೆದರಿದ್ದೀರಿ, ಕೊನೆಯದನ್ನು ಮರೆತುಹೋಗಿದ್ದು ನೆನಪಾದಂತೆ ಒಂದು ಸಾಲಿನಲ್ಲಿ ಬರೆದಿದ್ದೀರಿ. ನಾನು ಅದನ್ನು ತಿರುಗಿಸಿ ಓದಿದೆ. ಮೊದಲ ಮೂರರಲ್ಲಿ ಯಾವುದೂ ತಾನಾಗಿ ಕಾಯಿಲೆಯ ಗುರುತಲ್ಲ. ಹಾಲಿನ ದುಡ್ಡಿನ ಬಗ್ಗೆ ಮಾತ್ರ ನಿಮ್ಮನ್ನು ಒಂದೆರಡು ಮಾತು ಕೇಳಬೇಕಾಗಿದೆ.

ನಿಮ್ಮ ಮಗ ನಕ್ಕ ವಿಷಯದಿಂದಲೇ ಶುರು ಮಾಡುತ್ತೇನೆ. ಅಜ್ಜನ ಮನಸ್ಸು ನೊಂದಿರುವುದು ಅಲ್ಲೂ ಇರಬಹುದು.

ಶಾಲೆಯಲ್ಲಿ ಕಲಿಸುವ ವಿಧಾನ ಕಾಗದಕ್ಕಾಗಿ ಹುಟ್ಟಿದ್ದು. ಎಂಟು ಏಳು ಹದಿನೈದು, ಐದು ಬರೆದು ದಶಕ ಒಂದು; ಆರು ಐದು ಹನ್ನೊಂದು, ದಶಕ ಸೇರಿ ಹನ್ನೆರಡು. ಕಾಗದದ ಮೇಲೆ ಇದು ಸಲೀಸು, ಏಕೆಂದರೆ ಆ ಐದನ್ನೂ ದಶಕವನ್ನೂ ಕಾಗದ ನೆನಪಿಟ್ಟುಕೊಳ್ಳುತ್ತದೆ. ಕಾಗದ ಕಿತ್ತುಕೊಂಡು ಇದೇ ವಿಧಾನವನ್ನು ತಲೆಯಲ್ಲೇ ಮಾಡಿ ನೋಡಿ. ಬಿಡಿಯ ಐದನ್ನು ಒಂದು ಮೂಲೆಯಲ್ಲಿಡಬೇಕು, ದಶಕವನ್ನು ಇನ್ನೊಂದು ಮೂಲೆಯಲ್ಲಿಡಬೇಕು, ಹತ್ತರ ಸ್ಥಾನ ಕೂಡಬೇಕು, ಕೊನೆಗೆ ಹಿಂದುಮುಂದಾಗಿ ಜೋಡಿಸಿ ‘ನೂರಿಪ್ಪತ್ತೈದು’ ಎನ್ನಬೇಕು. ಮೊದಲು ಸಿಕ್ಕ ಅಂಕಿಯನ್ನು ಕೊನೆಗೆ ಹೇಳುವ ಕೆಲಸ ಇದು. ನಿಮ್ಮ ಮಾವನವರು ಮಾಡುವುದನ್ನು ಈಗ ನೋಡಿ. ಅರವತ್ತು ಐವತ್ತು ನೂರಹತ್ತು. ಎಂಟು ಏಳು ಹದಿನೈದು. ನೂರಿಪ್ಪತ್ತೈದು. ಯಾವ ಹೊತ್ತಿನಲ್ಲೂ ತಲೆಯಲ್ಲಿ ಒಂದೇ ಮೊತ್ತ ಇರುತ್ತದೆ, ಅದು ಬೆಳೆಯುತ್ತಾ ಹೋಗುತ್ತದೆ. ನಡುವೆ ಯಾರೋ ಕರೆದು ಲೆಕ್ಕ ನಿಂತರೂ ಕೈಯಲ್ಲಿ ನೂರಹತ್ತು ಉಳಿದಿರುತ್ತದೆ, ಉತ್ತರ ಅದರ ಆಸುಪಾಸಿನಲ್ಲಿದೆ ಎಂದು ಗೊತ್ತಿರುತ್ತದೆ. ಬಿಡಿಯಿಂದ ಶುರು ಮಾಡಿದವರ ಕೈಯಲ್ಲಿ ಆಗ ಬರೀ ಐದು ಇರುತ್ತದೆ.

ಕನ್ನಡದ ಸಂಖ್ಯೆಗಳ ಹೆಸರೂ ಇದಕ್ಕೆ ಒತ್ತಾಸೆ. ಅರವತ್ತೆಂಟು ಎನ್ನುವಾಗ ಅರವತ್ತು ಮೊದಲು, ಎಂಟು ಆಮೇಲೆ. ಹಿಂದಿಯ ‘ಅಡ್‌ಸಠ್’ನಲ್ಲಿ ಎಂಟು ಮೊದಲು ಬರುತ್ತದೆ, ಜರ್ಮನ್ ಭಾಷೆಯಲ್ಲೂ ಹಾಗೆಯೇ. ನಾವು ಸಂಖ್ಯೆಯನ್ನು ಉಚ್ಚರಿಸುವಾಗಲೇ ದೊಡ್ಡದನ್ನು ಮುಂದಿಟ್ಟಿರುತ್ತೇವೆ. ಎಡದಿಂದ ಕೂಡುವವರು ಬಾಯಿ ಹೋಗುವ ದಾರಿಯಲ್ಲೇ ಲೆಕ್ಕವನ್ನೂ ನಡೆಸುತ್ತಾರೆ.

ಮನಶ್ಶಾಸ್ತ್ರದಲ್ಲಿ ‘ಕಾರ್ಯಕಾರಿ ಸ್ಮೃತಿ’ ಎಂಬ ಮಾತಿದೆ. ಕೆಲಸ ಮುಗಿಯುವವರೆಗೆ ನಾಲ್ಕಾರು ಸಂಗತಿಗಳನ್ನು ಎದುರಿಗೆ ಹರಡಿಕೊಳ್ಳುವ ಜಾಗ ಅದು. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿನ ಹಲಗೆ ಇದ್ದಂತೆ. ವಯಸ್ಸಾದಂತೆ ಈ ಹಲಗೆ ಕಿರಿದಾಗುತ್ತದೆ. ಇದು ಎಲ್ಲರಿಗೂ ಆಗುತ್ತದೆ, ಇಪ್ಪತ್ತೈದು ಮೂವತ್ತರ ನಂತರ ನಿಧಾನವಾಗಿ. ಹಲಗೆ ಕಿರಿದಾದಾಗ ಜಾಣರು ಏನು ಮಾಡುತ್ತಾರೆ? ಹಲಗೆಯ ಮೇಲೆ ಕಡಿಮೆ ಸಾಮಾನು ಹರಡುವ ವಿಧಾನ ಹಿಡಿಯುತ್ತಾರೆ. ನಿಮ್ಮ ಮಾವನವರ ವಿಧಾನ ಅಂಥದ್ದು. ಮಂಡಿಯಲ್ಲಿ ಯೌವನದಲ್ಲೇ ಕಲಿತಿದ್ದರು, ಈಗ ಅದೇ ಅವರನ್ನು ಕಾಯುತ್ತಿದೆ.

ಇನ್ನು ನಿಧಾನದ ವಿಷಯ. ಅಮೆರಿಕದ ಮನಶ್ಶಾಸ್ತ್ರಜ್ಞ ತಿಮೊತಿ ಸಾಲ್ಟ್‌ಹೌಸ್ 1996ರಲ್ಲಿ ಒಂದು ಪ್ರಸಿದ್ಧ ವಾದ ಮಂಡಿಸಿದರು. ವಯಸ್ಸಾದಾಗ ಬುದ್ಧಿಯ ಒಂದೊಂದು ಕೆಲಸವೂ ಬೇರೆಬೇರೆಯಾಗಿ ಕೆಡುವುದಕ್ಕಿಂತ ಮೊದಲು ಒಟ್ಟಾರೆ ವೇಗ ಇಳಿಯುತ್ತದೆ ಎನ್ನುವುದು ಆ ವಾದ. ಬಾಯಿಲೆಕ್ಕಕ್ಕೆ ಇದು ಹೇಗೆ ತಟ್ಟುತ್ತದೆ ಎಂದರೆ, ಎರಡನೆಯ ಹೆಜ್ಜೆ ಮುಗಿಯುವಷ್ಟರಲ್ಲಿ ಮೊದಲನೆಯ ಹೆಜ್ಜೆಯ ಉತ್ತರ ಮಸುಕಾಗುತ್ತದೆ. ಆಗ ಹಿಂದೆ ಹೋಗಿ ಅದನ್ನು ಮತ್ತೆ ಮಾಡಿಕೊಂಡು ಬರಬೇಕು. ನೋಡುವವರಿಗೆ ಇದು ತಡವರಿಕೆಯಂತೆ ಕಾಣುತ್ತದೆ.

ಆದರೆ ನಿಧಾನಕ್ಕೆ ಇನ್ನೊಂದು ಕಾರಣವೂ ಇದೆ, ಮನೆಯವರು ಅದನ್ನು ಗಮನಿಸುವುದು ಕಡಿಮೆ. ವಯಸ್ಸಾದವರು ತಪ್ಪು ಹೇಳಲು ಒಪ್ಪುವುದಿಲ್ಲ. ವೇಗ ಬೇಕೋ ನಿಖರತೆ ಬೇಕೋ ಎಂಬ ಪ್ರಶ್ನೆ ಬಂದಾಗ ಇಪ್ಪತ್ತರ ಹುಡುಗರು ವೇಗಕ್ಕೆ ವಾಲುತ್ತಾರೆ, ಎಪ್ಪತ್ತು ದಾಟಿದವರು ನಿಖರತೆಗೆ ವಾಲುತ್ತಾರೆ. ಉತ್ತರ ಸಿಕ್ಕ ಮೇಲೂ ಒಮ್ಮೆ ಸರಿನೋಡಿ ಬಾಯಿಬಿಡುತ್ತಾರೆ. ಮೂವತ್ತೈದು ವರ್ಷ ಬೇರೆಯವರ ದುಡ್ಡಿನ ಲೆಕ್ಕ ಬರೆದವರಿಗೆ ಈ ಅಭ್ಯಾಸ ಇಲ್ಲದೆ ಇದ್ದರೇ ಆಶ್ಚರ್ಯ. ಒಂದು ಪೈಸೆ ವ್ಯತ್ಯಾಸ ಬಂದರೆ ರಾತ್ರಿಯೆಲ್ಲ ಕೂತು ಹುಡುಕುತ್ತಿದ್ದ ತಲೆಮಾರು ಅದು.

ಏನು ಉಳಿಯುತ್ತದೆ ಎನ್ನುವುದನ್ನೂ ಹೇಳಬೇಕು. ಉಳಿಯುವುದು ಮಗ್ಗಿ. ‘ಏಳೆಂಟ್ಲ ಐವತ್ತಾರು’ ಎನ್ನುವುದನ್ನು ಅವರು ಲೆಕ್ಕ ಹಾಕಿ ಹೇಳುವುದಿಲ್ಲ. ಅದು ಪದ್ಯದ ಸಾಲಿನಂತೆ ಮಾತಿನ ನೆನಪಿನಲ್ಲಿ ಕೂತಿದೆ, ಕೇಳಿದೊಡನೆ ಎದ್ದು ಬರುತ್ತದೆ. ಇಂಥ ಕಂಠಪಾಠದ ಜ್ಞಾನ ವಯಸ್ಸಿಗೆ ಸುಲಭವಾಗಿ ಸೋಲುವುದಿಲ್ಲ. ಮಿಸೂರಿ ವಿಶ್ವವಿದ್ಯಾಲಯದ ಡೇವಿಡ್ ಗೀರಿ ಮತ್ತು ಜೊತೆಯವರು 1990ರ ದಶಕದ ಆರಂಭದಲ್ಲಿ ಅಮೆರಿಕದ ಹಿರಿಯರಿಗೂ ಕಾಲೇಜು ವಿದ್ಯಾರ್ಥಿಗಳಿಗೂ ಒಂದೇ ಅಂಕಿಯ ಸಂಕಲನ ಕೊಟ್ಟು ಪ್ರತಿ ಲೆಕ್ಕದ ನಂತರ ‘ಹೇಗೆ ಮಾಡಿದಿರಿ’ ಎಂದು ಕೇಳಿದರು. ನೇರವಾಗಿ ನೆನಪಿನಿಂದ ಉತ್ತರ ಎತ್ತಿಕೊಟ್ಟವರಲ್ಲಿ ಹಿರಿಯರೇ ಮುಂದು. ವಿದ್ಯಾರ್ಥಿಗಳು ಆಗಾಗ ಎಣಿಸುತ್ತಿದ್ದರು, ಸಂಖ್ಯೆಯನ್ನು ಒಡೆದು ಜೋಡಿಸುತ್ತಿದ್ದರು. ಇದಕ್ಕೆ ವಯಸ್ಸಿನಷ್ಟೇ ಆ ತಲೆಮಾರಿನ ಶಾಲೆಯೂ ಕಾರಣವಿರಬಹುದು ಎಂದು ಅವರು ಬರೆದರು. ಸಿಯಾಟಲ್‌ನಲ್ಲಿ 1956ರಿಂದ ಸಾವಿರಾರು ಜನರನ್ನು ದಶಕಗಟ್ಟಲೆ ಹಿಂಬಾಲಿಸಿದ ವಾರ್ನರ್ ಶೈ ಅವರ ಅಧ್ಯಯನದಲ್ಲೂ ಇಂಥದೇ ಸುಳಿವಿದೆ. ಬೇರೆ ಎಷ್ಟೋ ಸಾಮರ್ಥ್ಯಗಳಲ್ಲಿ ಹೊಸ ತಲೆಮಾರು ಹಳೆಯದನ್ನು ಮೀರಿಸಿತು. ಅಂಕಗಣಿತದಲ್ಲಿ ಮಾತ್ರ 1920ರ ದಶಕದಲ್ಲಿ ಹುಟ್ಟಿದವರ ಮಟ್ಟವೇ ಮೇಲಾಗಿತ್ತು.

ನಮ್ಮ ಹಿರಿಯರ ಸಂಗತಿ ಇನ್ನೂ ಸ್ವಾರಸ್ಯದ್ದು. ನಿಮ್ಮ ಮಾವನವರು 1957ರ ಏಪ್ರಿಲ್ 1ರಂದು, ನಯಾ ಪೈಸೆ ಬಂದ ದಿನ, ಸುಮಾರು ಹತ್ತು ವರ್ಷದ ಹುಡುಗ. ಅಲ್ಲಿಯವರೆಗೆ ಅವರು ಕಲಿತದ್ದು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ, ಒಂದೂವರೆ ಮಗ್ಗಿಗಳನ್ನೂ ಸಂಜೆ ದೀಪ ಹಚ್ಚಿದ ಮೇಲೆ ಹಾಡಿನಂತೆ ಹೇಳಿರುತ್ತಾರೆ. ಅಂಥ ತಲೆಗೆ ಭಿನ್ನರಾಶಿಯೆಂದರೆ ಅಂಜಿಕೆ ಇಲ್ಲ. ಶೇಕಡಾ ಹನ್ನೆರಡೂವರೆ ಎಂದರೆ ನಿಮ್ಮ ಮಗ ಮೊಬೈಲ್ ತೆಗೆಯಬಹುದು. ಅಜ್ಜನಿಗೆ ಅದು ‘ರೂಪಾಯಿಗೆ ಎರಡಾಣೆ’, ಅಂದರೆ ಎಂಟರಲ್ಲಿ ಒಂದು ಪಾಲು. 640ಕ್ಕೆ 80, ಮುಗಿಯಿತು. ಶೇಕಡಾ ಆರೂಕಾಲು ಎಂದರೆ ರೂಪಾಯಿಗೆ ಒಂದಾಣೆ, 640ಕ್ಕೆ 40. ಮಂಡಿಯಲ್ಲಿ ಕ್ವಿಂಟಲ್‌ಗೆ 46,800ರಂತೆ ಎರಡೂವರೆ ಕ್ವಿಂಟಲ್ ಅಡಿಕೆಯ ಬೆಲೆ ಎಷ್ಟು ಎಂದರೆ ಅವರು ಗುಣಾಕಾರಕ್ಕೆ ಹೋಗಿರಲಾರರು. ದುಪ್ಪಟ್ಟು 93,600, ಅರ್ಧ 23,400, ಒಟ್ಟು 1,17,000. ದುಪ್ಪಟ್ಟು ಮಾಡುವುದು, ಅರ್ಧ ಮಾಡುವುದು, ಇವೆರಡರಿಂದಲೇ ಹಳೆಯ ವ್ಯಾಪಾರದ ಮುಕ್ಕಾಲು ಪಾಲು ಲೆಕ್ಕ ನಡೆಯುತ್ತಿತ್ತು. ಒಮ್ಮೆ ಮಗನ ಎದುರಿಗೆ ಈ ಲೆಕ್ಕ ಕೇಳಿ ನೋಡಿ. ಯಾರು ಯಾರಿಗೆ ಕಲಿಸಬೇಕು ಎನ್ನುವುದು ಅವನಿಗೇ ತಿಳಿಯುತ್ತದೆ.

ಹಾಗಾದರೆ ವಯಸ್ಸಾದಂತೆ ವಿಧಾನಗಳಲ್ಲಿ ಏನೂ ಬದಲಾಗುವುದಿಲ್ಲವೇ? ಬದಲಾಗುತ್ತದೆ. ಈ ಪ್ರಶ್ನೆಗೆ ಅತಿ ಹೆಚ್ಚು ದುಡಿದವರು ಫ್ರಾನ್ಸಿನ ಪ್ಯಾಟ್ರಿಕ್ ಲಮೇರ್. ಅಮೆರಿಕದ ರಾಬರ್ಟ್ ಸೀಗ್ಲರ್ ಜೊತೆ 1995ರಲ್ಲಿ ಅವರು ಒಂದು ಚೌಕಟ್ಟು ಹಾಕಿಕೊಟ್ಟರು. ಅದು ಮಕ್ಕಳ ಗುಣಾಕಾರದ ಅಧ್ಯಯನದಿಂದ ಬಂದದ್ದು, ಆಮೇಲೆ ಹಿರಿಯರಿಗೂ ಬಳಕೆಯಾಯಿತು. ಒಬ್ಬರ ಲೆಕ್ಕ ಬದಲಾಗಿದೆ ಎಂದರೆ ನಾಲ್ಕು ಪ್ರಶ್ನೆ ಕೇಳಬೇಕು. ಅವರ ಬಳಿ ಎಷ್ಟು ವಿಧಾನಗಳಿವೆ, ಯಾವುದನ್ನು ಎಷ್ಟು ಸಲ ಬಳಸುತ್ತಾರೆ, ಬಳಸುವಾಗ ಎಷ್ಟು ಚುರುಕು, ಯಾವ ಲೆಕ್ಕಕ್ಕೆ ಯಾವ ವಿಧಾನ ಎಂದು ಆರಿಸುವುದು ಎಷ್ಟು ಸರಿ. ಹೊರಗಿನಿಂದ ನಮಗೆ ಕಾಣುವುದು ಮೂರನೆಯದು ಮಾತ್ರ. ಮಿಕ್ಕದ್ದು ಕೇಳಿದರಷ್ಟೇ ಗೊತ್ತಾಗುತ್ತದೆ.

ಲಮೇರ್ ಮತ್ತು ಸಂಗಡಿಗರು 2008ರಲ್ಲಿ ಎರಡಂಕಿಯ ಸಂಕಲನ ಕೊಟ್ಟು ನೋಡಿದಾಗ ಜನ ಒಟ್ಟು ಒಂಬತ್ತು ವಿಧಾನ ಬಳಸುತ್ತಿದ್ದರು. ಎರಡನ್ನೂ ಹತ್ತಕ್ಕೆ ಸರಿಮಾಡಿ ಕೂಡುವುದು, ಒಂದನ್ನು ಮಾತ್ರ ಒಡೆಯುವುದು, ಕಣ್ಣೆದುರು ಕಾಗದ ಇದ್ದಂತೆ ಒಂದರ ಕೆಳಗೊಂದು ಜೋಡಿಸಿಕೊಳ್ಳುವುದು, ಹೀಗೆ. ಯುವಕರು ಇವುಗಳಲ್ಲಿ ಹೆಚ್ಚು ವಿಧಾನ ಬಳಸಿದರು, ಹಿರಿಯರು ಕಡಿಮೆ ವಿಧಾನಗಳಲ್ಲೇ ನಿಂತರು. ಒಂದು ಲೆಕ್ಕಕ್ಕೆ ಹಿಡಿದ ವಿಧಾನವನ್ನೇ ಮುಂದಿನ ಲೆಕ್ಕಕ್ಕೂ ಹಿಡಿಯುವುದು ಹಿರಿಯರಲ್ಲಿ ಜಾಸ್ತಿ ಎಂದೂ ಆಮೇಲೆ ಕಂಡುಬಂತು. ಬದಲಾಯಿಸಿದರೆ ಲಾಭವಿದ್ದಾಗಲೂ ಅವರು ಬದಲಾಯಿಸದೆ ಇರುವುದುಂಟು, ಏಕೆಂದರೆ ಬದಲಾಯಿಸುವುದಕ್ಕೂ ತಲೆಗೆ ಖರ್ಚಿದೆ. ಅದು ವಯಸ್ಸಿನೊಡನೆ ಏರುವ ಖರ್ಚು. ನಮ್ಮ ದಿನನಿತ್ಯದಲ್ಲೂ ಇದನ್ನು ಕಾಣಬಹುದು. ಸಂತೆಗೆ ಹೋಗುವ ಹಿರಿಯರು ಹೊಸ ರಸ್ತೆ ಹತ್ತಿರವಾದರೂ ಹಳೆಯ ದಾರಿಯಲ್ಲೇ ನಡೆಯುತ್ತಾರೆ.

ಇದರಿಂದ ಅವರ ಆಯ್ಕೆ ಕೆಟ್ಟಿದೆ ಎಂದು ತಿಳಿಯಬೇಡಿ. 1997ರಲ್ಲಿ ಸೀಗ್ಲರ್ ಮತ್ತು ಲಮೇರ್ ಮಾಡಿದ ಪ್ರಯೋಗ ನನಗೆ ತುಂಬ ಇಷ್ಟವಾದದ್ದು. ಗುಣಾಕಾರ ಕೊಟ್ಟು ಮೂರು ದಾರಿ ತೆರೆದಿಟ್ಟರು: ಬಾಯಿಲೆಕ್ಕ, ಕಾಗದ ಪೆನ್ಸಿಲ್, ಕ್ಯಾಲ್ಕುಲೇಟರ್. ಒಮ್ಮೆ ಇಷ್ಟ ಬಂದ ದಾರಿ ಹಿಡಿಯಲು ಬಿಟ್ಟರು, ಇನ್ನೊಮ್ಮೆ ‘ಇದೊಂದೇ ದಾರಿ’ ಎಂದು ಕಟ್ಟಿಹಾಕಿದರು. ಎರಡನ್ನೂ ಹೋಲಿಸಿದರೆ ಒಬ್ಬರ ಆಯ್ಕೆ ಅವರಿಗೆ ಒಪ್ಪುತ್ತದೆಯೇ ಎಂದು ಅಳೆಯಬಹುದು. ಹಿರಿಯರು ತಮ್ಮ ಬಲಾಬಲ ತಿಳಿದೇ ಆರಿಸುತ್ತಿದ್ದರು. ಸುಲಭವಾದದ್ದನ್ನು ತಲೆಯಲ್ಲಿ, ತೊಡಕಿನದನ್ನು ಕಾಗದದಲ್ಲೋ ಯಂತ್ರದಲ್ಲೋ. ನಿಮ್ಮ ಮಾವನವರು ದೊಡ್ಡ ಲೆಕ್ಕ ಬಂದಾಗ ಪೆನ್ನು ಹುಡುಕಿದರೆ ಅದನ್ನು ಸೋಲು ಎಂದು ನೋಡಬೇಡಿ. ತನ್ನ ತಲೆಯ ಅಳತೆ ತನಗೆ ಗೊತ್ತಿದೆ ಎನ್ನುವುದರ ಗುರುತು ಅದು.

ಆಸ್ಪತ್ರೆಯ ಏಳರ ಲೆಕ್ಕಕ್ಕೆ ಬರೋಣ. ಇದು ಮಾರ್ಷಲ್ ಫೋಲ್‌ಸ್ಟೀನ್, ಸೂಸನ್ ಫೋಲ್‌ಸ್ಟೀನ್ ಮತ್ತು ಪಾಲ್ ಮೆಕ್‌ಹ್ಯೂ 1975ರಲ್ಲಿ ರೂಪಿಸಿದ 30 ಅಂಕಗಳ ಚಿಕ್ಕ ಪರೀಕ್ಷೆಯ ಒಂದು ತುಣುಕು. ನೂರರಿಂದ ಏಳು ಕಳೆಯುತ್ತಾ ಐದು ಸಲ: 93, 86, 79, 72, 65. ಇದಕ್ಕಿರುವುದು ಐದೇ ಅಂಕ. ವೈದ್ಯರು ಇಲ್ಲಿ ಅಳೆಯುವುದು ಗಣಿತಕ್ಕಿಂತ ಹೆಚ್ಚಾಗಿ ಗಮನವನ್ನು. ಎಲ್ಲಿದ್ದೆ ಎಂಬುದನ್ನು ಮರೆಯದೆ, ಏಳು ಎಂಬುದನ್ನೂ ಬಿಡದೆ, ಹೆಚ್ಚಿನ ಹೆಜ್ಜೆಗಳಲ್ಲಿ ದಶಕವನ್ನೂ ದಾಟಬೇಕು. 86ರಿಂದ ಆರು ತೆಗೆದರೆ 80, ಇನ್ನೊಂದು ತೆಗೆದರೆ 79. ಆ ‘ಇನ್ನೊಂದು’ ಎರಡಾಗಿ 78 ಬಂದಿದೆ. ಇಂಥ ಒಂದರ ವ್ಯತ್ಯಾಸ ಗಟ್ಟಿಮುಟ್ಟಾದ ನಲವತ್ತರವರಿಂದಲೂ ಆಗುತ್ತದೆ. ಅದಾದ ಮೇಲೆ ಅವರು ನಿಂತದ್ದೇಕೆ ಎಂದು ನನಗೆ ಊಹಿಸಲು ಕಷ್ಟವಿಲ್ಲ. ಲೆಕ್ಕ ಬರೆಯುತ್ತಿದ್ದವರಿಗೆ 78 ಹೇಳಿದ ಕೂಡಲೇ ತಪ್ಪಿತೆಂದು ಹೊಳೆದಿರಬೇಕು. ಮುಂದೆ ಹೋಗಲು ಮನಸ್ಸು ಒಪ್ಪಿಲ್ಲ.

ಮೇಲಾಗಿ ಪ್ರಶ್ನೆ ಕೇಳಿದ್ದು ಯಾವ ಭಾಷೆಯಲ್ಲಿ? ಮನುಷ್ಯ ಎಷ್ಟೇ ಭಾಷೆ ಕಲಿತರೂ ಲೆಕ್ಕ ಮಾಡುವುದು ಸಾಮಾನ್ಯವಾಗಿ ಮಗ್ಗಿ ಕಲಿತ ಭಾಷೆಯಲ್ಲೇ. ‘ಹಂಡ್ರೆಡ್‌ನಿಂದ ಸೆವೆನ್’ ಎಂದು ಕೇಳಿದಾಗ ಅವರು ಅದನ್ನು ಕನ್ನಡಕ್ಕೆ ತಂದುಕೊಂಡು ಲೆಕ್ಕ ಮಾಡಬೇಕು. ಆ ಕಿರಿದಾದ ಹಲಗೆಯ ಮೇಲೆ ಅದೂ ಒಂದು ಸಾಮಾನು. ಪರೀಕ್ಷೆ ಓದು ಬರಹವನ್ನೂ ಅವಲಂಬಿಸುತ್ತದೆ. ಹರಿಯಾಣದ ಬಲ್ಲಭ್‌ಗಢದಲ್ಲಿ ಶಾಲೆಗೆ ಹೋಗದ ಹಿರಿಯರಿಗಾಗಿ 1990ರ ದಶಕದಲ್ಲಿ ಇದೇ ಪರೀಕ್ಷೆಯನ್ನು ಹಿಂದಿಯಲ್ಲಿ ಬದಲಿಸಿಕೊಂಡಾಗ ನೂರು ಮತ್ತು ಏಳನ್ನು ಕೈಬಿಟ್ಟು ಇಪ್ಪತ್ತರಿಂದ ಮೂರು ಮೂರು ಕಳೆಯಲು ಹೇಳಿದರು. ಇನ್ನೊಂದು ಸಂಗತಿ: ಇದು ನೆನಪಿನ ಪರೀಕ್ಷೆ ಎಂದು ಗೊತ್ತಾದರೆ, ವಯಸ್ಸಾದವರಿಗೆ ನೆನಪು ಕಡಿಮೆ ಎಂಬ ಮಾತು ಮೊದಲೇ ಕಿವಿಗೆ ಬಿದ್ದಿದ್ದರೆ, ಹಿರಿಯರು ತಮ್ಮ ನಿಜವಾದ ಮಟ್ಟಕ್ಕಿಂತ ಕೆಳಗೆ ಬೀಳುತ್ತಾರೆ. ಥಾಮಸ್ ಹೆಸ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಗಿಜಿಗುಡುವ ಆಸ್ಪತ್ರೆಯಲ್ಲಿ, ಇಂಗ್ಲಿಷಿನಲ್ಲಿ, ಮನೆಯವರ ಎದುರಿಗೆ ಕೇಳಿದ ಒಂದು ತುಣುಕು ಪ್ರಶ್ನೆಯಿಂದ ಅವರ ತಲೆಯ ಬಗ್ಗೆ ಯಾರೂ ತೀರ್ಪು ಕೊಡಬಾರದು. ಅವರೂ ಕೊಟ್ಟುಕೊಳ್ಳಬಾರದು, ಇದನ್ನು ಅವರಿಗೆ ಓದಿ ಹೇಳಿ.

ಈಗ ಹಾಲಿನ ದುಡ್ಡು.

ಒಂದು ಸಲ ಎರಡು ಬಾರಿ ಕೊಡುವುದು ಯಾರಿಂದಲೂ ಆಗುತ್ತದೆ. ನನಗೆ ಬೇಕಾದ ಉತ್ತರ ಬೇರೆ. ಹಾಲಿನವರು ‘ಆಗಲೇ ಕೊಟ್ಟಿದ್ದೀರಿ’ ಎಂದಾಗ ಮಾವನವರು ಏನೆಂದರು? ‘ಹೌದಲ್ಲ, ಐದನೇ ತಾರೀಕು ಕೊಟ್ಟಿದ್ದೆ’ ಎಂದು ನೆನಪಿಸಿಕೊಂಡರೆ ನಾನು ನೆಮ್ಮದಿಯಾಗಿರುತ್ತೇನೆ. ಕೊಟ್ಟ ಸಂಗತಿಯೇ ನೆನಪಿಗೆ ಬರದಿದ್ದರೆ, ‘ಇಲ್ಲವೇ ಇಲ್ಲ, ನೀವೆಲ್ಲ ಸೇರಿ ಹೇಳುತ್ತಿದ್ದೀರಿ’ ಎಂದು ಹಟ ಹಿಡಿದಿದ್ದರೆ, ಇಂಥದು ತಿಂಗಳಿಗೊಮ್ಮೆಯಾದರೂ ಮರುಕಳಿಸುತ್ತಿದ್ದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ದುಡ್ಡಿನ ವ್ಯವಹಾರವೆಂದರೆ ಬರೀ ಕೂಡಿ ಕಳೆಯುವುದಲ್ಲ. ಏನಾಗಿದೆ ಎನ್ನುವ ನೆನಪು, ಮುಂದೇನು ಎನ್ನುವ ಯೋಜನೆ, ಯಾರನ್ನು ನಂಬಬೇಕು ಎನ್ನುವ ವಿವೇಚನೆ ಎಲ್ಲ ಒಟ್ಟಿಗೆ ದುಡಿಯಬೇಕು. ಅದಕ್ಕೇ ಮರೆವಿನ ಕಾಯಿಲೆ ಬಹಳ ಸಲ ಮೊದಲು ತಲೆಹಾಕುವುದು ಪರ್ಸಿನಲ್ಲಿ. ಅಮೆರಿಕದಲ್ಲಿ ಒಂಟಿಯಾಗಿರುವ 80 ಸಾವಿರಕ್ಕೂ ಹೆಚ್ಚು ಹಿರಿಯರ ಸಾಲದ ದಾಖಲೆಗಳನ್ನು ವೈದ್ಯಕೀಯ ದಾಖಲೆಗಳ ಜೊತೆ ಜೋಡಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಲ್ಝೈಮರ್ ಮತ್ತು ಅಂಥ ಕಾಯಿಲೆ ಪತ್ತೆಯಾಗುವುದಕ್ಕೆ ಆರು ವರ್ಷ ಮುಂಚಿನಿಂದಲೇ ಕಂತು ಕಟ್ಟುವುದು ತಪ್ಪಲು ಶುರುವಾಗಿತ್ತು.

ಹಾಗಾಗಿ ಮುಂದಿನ ಒಂದೆರಡು ತಿಂಗಳು ಇದನ್ನು ಗಮನಿಸಿ, ಅವರಿಗೆ ಗೊತ್ತಾಗುವಂತೆ ಕಾವಲು ಕಾಯಬೇಡಿ. ತಪ್ಪಾದಾಗ ತಾವೇ ಹಿಡಿಯುತ್ತಾರೆಯೇ? ‘ಏಳೆಂಟ್ಲ’ ಎಂದರೆ 54 ಅಥವಾ 63 ಎಂದು ಪಕ್ಕದ ಮನೆಗೆ ಹೋಗುವುದು ಎಲ್ಲ ವಯಸ್ಸಿನವರ ತಪ್ಪು. ಗುಣಿಸುವ ಬದಲು ಏಳನ್ನೂ ಎಂಟನ್ನೂ ಕೂಡಿ 15 ಎಂದರೂ, ಒಂದು ಲೀಟರ್ ಹಾಲಿಗೆ ಐನೂರು ರೂಪಾಯಿ ಎಂದರೆ ವಿಚಿತ್ರ ಅನ್ನಿಸದಿದ್ದರೂ ಅದು ಬೇರೆ ಬಗೆಯದು. ಬ್ಯಾಂಕಿನ ಪಾಸ್‌ಬುಕ್ ಓದಿ ಅರ್ಥ ಹೇಳಬಲ್ಲರೇ? ಐನೂರರ ನೋಟು ಕೊಟ್ಟು 387ರ ಸಾಮಾನು ತಂದರೆ ಚಿಲ್ಲರೆ ಸರಿನೋಡುತ್ತಾರೆಯೇ? ಹಳಬರು ಇದನ್ನು ಕಳೆದು ನೋಡುವುದಿಲ್ಲ, ಏರುತ್ತಾ ಹೋಗುತ್ತಾರೆ: ಮೂರು ಕೊಟ್ಟರೆ 390, ಹತ್ತು ಕೊಟ್ಟರೆ 400, ನೂರು ಕೊಟ್ಟರೆ 500, ಒಟ್ಟು 113. ಈ ಏರಿಕೆಯ ಜಾಡು ಅವರ ಬಾಯಲ್ಲಿ ಇನ್ನೂ ಇದೆಯೇ ಎಂದು ಕೇಳಿಸಿಕೊಳ್ಳಿ. ಹೋಲಿಕೆ ಯಾವಾಗಲೂ ಎರಡು ವರ್ಷದ ಹಿಂದಿನ ಅವರ ಜೊತೆಗೇ ಇರಲಿ, ಮೊಮ್ಮಗನ ಜೊತೆಗಲ್ಲ.

ಒಂದು ಎಚ್ಚರಿಕೆ ಮಾತ್ರ ತಡಮಾಡದೆ ನೆನಪಿಡಿ. ನಿನ್ನೆಯವರೆಗೆ ಲೆಕ್ಕ ಮಾಡುತ್ತಿದ್ದವರಿಗೆ ಇವತ್ತು ಇದ್ದಕ್ಕಿದ್ದಂತೆ ಸಂಖ್ಯೆಯೇ ಅರ್ಥವಾಗದಿದ್ದರೆ, ಬರೆಯಲು ಬಾರದಿದ್ದರೆ, ಎಡ ಬಲ ತಿಳಿಯದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಮೆದುಳಿನ ಎಡಭಾಗದಲ್ಲಿ, ಕಿವಿಯ ಮೇಲ್ಗಡೆ ಹಿಂದಕ್ಕೆ, ಸಂಖ್ಯೆಗೆ ಬೇಕಾದ ಜಾಗವಿದೆ. ಅಲ್ಲಿಗೆ ರಕ್ತ ಹೋಗುವುದು ನಿಂತರೆ ಹೀಗಾಗುತ್ತದೆ. 108ಕ್ಕೆ ಕರೆಮಾಡಿ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಇನ್ನು ವೈದ್ಯರ ಬಳಿ ಹೋದಾಗ ಕೇಳಬೇಕಾದದ್ದು. ಬಿ12 ಪರೀಕ್ಷೆ ಮಾಡಿಸಿ. ಸಸ್ಯಾಹಾರಿ ಮನೆಗಳಲ್ಲಿ ಇದರ ಕೊರತೆ ಬಹಳ ಸಾಮಾನ್ಯ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಹೆಚ್ಚು. ಥೈರಾಯ್ಡ್ ನೋಡಿಸಿ. ನಿದ್ದೆಮಾತ್ರೆ, ನೆಗಡಿಯ ಮಾತ್ರೆ, ಮೂತ್ರದ ತೊಂದರೆಯ ಕೆಲವು ಮಾತ್ರೆಗಳು ತಲೆಯನ್ನು ಮಬ್ಬು ಮಾಡುತ್ತವೆ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಕಿವಿ ಪರೀಕ್ಷೆ ಮಾಡಿಸಿ. ಅರವತ್ತೇಳೋ ಎಪ್ಪತ್ತೇಳೋ ಎಂದು ಸರಿಯಾಗಿ ಕೇಳಿಸದವರು ಲೆಕ್ಕ ತಪ್ಪಿದರೆ ತಪ್ಪು ಕಿವಿಯದು. ಅವರು ಮಂಕಾಗಿದ್ದಾರೆ ಎಂದು ಬರೆದಿದ್ದೀರಿ. ಖಿನ್ನತೆಯೊಂದೇ ಲೆಕ್ಕವನ್ನೂ ನೆನಪನ್ನೂ ಮರೆವಿನ ಕಾಯಿಲೆಯ ಹಾಗೆ ಕುಂದಿಸಬಲ್ಲದು, ಮತ್ತು ಅದು ವಾಸಿಯಾಗುತ್ತದೆ. ಹಾಲಿನ ದುಡ್ಡಿನಂಥದು ಮರುಕಳಿಸಿದರೆ ಶಿವಮೊಗ್ಗದಲ್ಲಿ ನರರೋಗ ತಜ್ಞರನ್ನು ಕಾಣಿ, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬನ್ನಿ. ಕನ್ನಡದಲ್ಲೇ ಸಿದ್ಧಪಡಿಸಿದ ವಿವರವಾದ ಪರೀಕ್ಷೆಗಳಿವೆ, ಅವನ್ನೇ ಮಾಡಿ ಎಂದು ಕೇಳುವ ಹಕ್ಕು ನಿಮಗಿದೆ.

ಸುಡೊಕು? ಅವರಿಗೆ ಇಷ್ಟವಾದರೆ ಮಾಡಲಿ. ಔಷಧಿಯೆಂದು ಕೊಡಬೇಡಿ. ಅಮೆರಿಕದಲ್ಲಿ 1998ರಲ್ಲಿ ಶುರುವಾದ ‘ಆಕ್ಟಿವ್’ ಎಂಬ ದೊಡ್ಡ ಪ್ರಯೋಗದಲ್ಲಿ 65 ದಾಟಿದ 2,832 ಜನರನ್ನು ನಾಲ್ಕು ಗುಂಪು ಮಾಡಿ, ಮೂರು ಗುಂಪುಗಳಿಗೆ ನೆನಪು, ತರ್ಕ, ವೇಗ ಇವುಗಳಲ್ಲಿ ಒಂದೊಂದರ ತರಬೇತಿ ಕೊಟ್ಟರು, ನಾಲ್ಕನೆಯದಕ್ಕೆ ಕೊಡಲಿಲ್ಲ. ಯಾವುದರ ತರಬೇತಿ ಕೊಟ್ಟರೋ ಅದರಲ್ಲಿ ಸುಧಾರಿಸಿದರು. ತರ್ಕ ಮತ್ತು ವೇಗದ ಲಾಭ ಹತ್ತು ವರ್ಷವಾದರೂ ಉಳಿದಿತ್ತು. ಆದರೆ ತರ್ಕದ ತರಬೇತಿಯಿಂದ ನೆನಪು ಬೆಳೆಯಲಿಲ್ಲ, ನೆನಪಿನ ತರಬೇತಿಯಿಂದ ವೇಗ ಬೆಳೆಯಲಿಲ್ಲ. ಸುಡೊಕು ಮಾಡಿದರೆ ಸುಡೊಕು ಚೆನ್ನಾಗಿ ಬರುತ್ತದೆ. ಲೆಕ್ಕ ಉಳಿಯಬೇಕೆಂದರೆ ಲೆಕ್ಕವನ್ನೇ ಮಾಡಬೇಕು, ಅದೂ ತನಗೆ ಬೇಕಾದ, ಅರ್ಥವಿರುವ ಲೆಕ್ಕ.

ಆದ್ದರಿಂದ ಮನೆಯ ಖರ್ಚಿನ ಪುಸ್ತಕವನ್ನು ಅವರ ಕೈಯಿಂದ ತೆಗೆಯಬೇಡಿ. ಹಾಲು, ಪೇಪರು, ಕೆಲಸದವರ ದುಡ್ಡು ಕೊಟ್ಟ ಕೂಡಲೇ ತಾರೀಕು ಹಾಕಿ ಬರೆಯುವ ಒಂದು ಉದ್ದ ನೋಟ್‌ಬುಕ್ ಹಾಲ್‌ನಲ್ಲಿಡಿ. ಮಂಡಿಯಲ್ಲಿ ಬರೆದ ಕೈ ಅದು, ಬರೆಯದೆ ಬಿಡುವುದಿಲ್ಲ. ಎರಡು ಸಲ ಕೊಡುವುದು ತಪ್ಪುತ್ತದೆ, ಮತ್ತೆ ಹಾಗಾದರೆ ಎಲ್ಲಿ ತಪ್ಪಿತು ಎಂದು ವೈದ್ಯರಿಗೆ ತೋರಿಸಲು ನಿಮ್ಮ ಬಳಿ ಬರಹವಿರುತ್ತದೆ. ದೊಡ್ಡ ಮೊತ್ತ ಕಳಿಸುವಾಗ ಮಾತ್ರ ಮನೆಯ ಇನ್ನೊಬ್ಬರು ಜೊತೆಗೆ ಕೂರಲಿ, ಫೋನಿನಲ್ಲಿ ಮೋಸ ಮಾಡುವವರು ಹಿರಿಯರ ಗಡಿಬಿಡಿಯನ್ನೇ ಕಾಯುತ್ತಿರುತ್ತಾರೆ. ಲೆಕ್ಕ ಕೇಳುವಾಗ ಟಿವಿ ಆರಿಸಿ, ಒಂದೊಂದೇ ಸಂಖ್ಯೆ ಹೇಳಿ, ಉತ್ತರಕ್ಕೆ ಕಾಯಿರಿ. ‘ಬೇಗ ಹೇಳಿ’ ಎಂಬ ಮಾತು ಮನೆಯಲ್ಲಿ ಬೇಡ.

ಮಗನಿಗೆ ಒಂದು ಕೆಲಸ ಕೊಡಿ. ಅಜ್ಜ ಯಾವುದಾದರೂ ಲೆಕ್ಕ ಮಾಡಿದಾಗ ಉತ್ತರ ಕೇಳುವುದನ್ನು ಬಿಟ್ಟು ‘ಹೇಗೆ ಮಾಡಿದ್ರಿ ಅಜ್ಜ’ ಎಂದು ಕೇಳಿ ಆ ದಾರಿಯನ್ನು ಬರೆದಿಡಲಿ. ಗೀರಿ ಅಮೆರಿಕದ ಹಿರಿಯರಿಂದ ಉತ್ತರದ ದಾರಿ ತಿಳಿದದ್ದು ಹಾಗೆಯೇ ಕೇಳಿ. 19ನ್ನು 6ರಿಂದ ಗುಣಿಸಿ ಎಂದರೆ ಅಜ್ಜ ಬಹುಶಃ ‘ಇಪ್ಪತ್ತಾರ್ಲ ನೂರಿಪ್ಪತ್ತು, ಆರು ತೆಗಿ, ನೂರಾ ಹದಿನಾಲ್ಕು’ ಎನ್ನುತ್ತಾರೆ. ಮುಕ್ಕಾಲು ಮಗ್ಗಿ ಎಲ್ಲಿಯವರೆಗೆ ನೆನಪಿದೆ ಎಂದೂ ಕೇಳಲಿ. ಮೂರು ತಿಂಗಳಾದ ಮೇಲೆ ಆ ಪುಟಗಳನ್ನೂ ಹಾಲಿನ ನೋಟ್‌ಬುಕ್ಕನ್ನೂ ಒಟ್ಟಿಗಿಟ್ಟು ನೋಡಿ, ವೈದ್ಯರ ಬಳಿ ಹೋಗುವುದಾದರೆ ಎರಡನ್ನೂ ತೆಗೆದುಕೊಂಡು ಹೋಗಿ.